ಬೀದಿದೀಪದ ಮೇಲೊಂದು ಕೆಂಪು ಮೋಡ

ಜನವರಿ ನಡುವಿನ ಯಾವುದಾದರೂ ರಾತ್ರಿ ಹನ್ನೊಂದರ ಸುಮಾರಿಗೆ ಬೆಂಗಳೂರಿನ ತಾರಸಿಯೊಂದರ ಮೇಲೆ ನಿಂತು ಕತ್ತೆತ್ತಿ ನೋಡಿ. ನೆತ್ತಿಯಿಂದ ದಕ್ಷಿಣಕ್ಕೆ ಎಂಟೇ ಡಿಗ್ರಿ ವಾಲಿದ ಜಾಗದಲ್ಲಿ ಒಂದು ಕೆಂಪು ಹೂವು ಅರಳಿಕೊಂಡಿರುತ್ತದೆ. ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟರೂ ಅದರ ಅಗಲಕ್ಕೆ ಸಾಲುವುದಿಲ್ಲ. ನಡುವೆ ಎಳೆಯ ನೀಲಿ ನಕ್ಷತ್ರಗಳ ಗೊಂಚಲು, ಸುತ್ತ ದಳದ ಮೇಲೆ ದಳವಾಗಿ ಅನಿಲ. ಇದೇ ರೋಸೆಟ್ ನೀಹಾರಿಕೆ. ದೂರ ಸುಮಾರು 5000 ಜ್ಯೋತಿರ್ವರ್ಷ, ಅಡ್ಡಗಲ ನೂರು ಜ್ಯೋತಿರ್ವರ್ಷಕ್ಕೂ ಹೆಚ್ಚು. ಆರಿದ್ರಾ ನಕ್ಷತ್ರದಿಂದ ಪ್ರೋಸಿಯಾನ್ ಕಡೆಗೆ ಒಂದು ಗೆರೆ ಎಳೆದುಕೊಂಡು, ಮೂರರಲ್ಲಿ ಒಂದು ಪಾಲು ನಡೆದು, ಒಂದಿಷ್ಟು ದಕ್ಷಿಣಕ್ಕೆ ಸರಿದರೆ ಅದರ ಜಾಗ ಸಿಗುತ್ತದೆ.

ಆದರೆ ಅಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಕಾಣುವುದು ಬೂದಿ ಬಣ್ಣದ ಬರಿಯ ಆಕಾಶ, ಎರಡೋ ಮೂರೋ ಸಣ್ಣ ಚುಕ್ಕಿ.

ಆ ಹೂವಿನ ಫೋಟೋವನ್ನು ನಾನು ನಮ್ಮ ಮನೆಯ ತಾರಸಿಯಿಂದಲೇ ತೆಗೆದಿದ್ದೇನೆ. ಕೆಳಗೆ ರಸ್ತೆಯಲ್ಲಿ ಎಲ್‌ಇಡಿ ಬೀದಿದೀಪ, ಎದುರು ಅಪಾರ್ಟ್‌ಮೆಂಟಿನ ಮೆಟ್ಟಿಲ ದೀಪ, ದೂರದಲ್ಲಿ ಬೆಳಗ್ಗೆಯವರೆಗೂ ಆರದ ಜಾಹೀರಾತು ಫಲಕ. ಮರುದಿನ ಪಕ್ಕದ ಮನೆಯ ಆಂಟಿಗೆ ಚಿತ್ರ ತೋರಿಸಿದಾಗ ಅವರು ಬಹಳ ಹೊತ್ತು ಮೊಬೈಲ್ ಹಿಡಿದುಕೊಂಡೇ ಇದ್ದರು. ಆಮೇಲೆ ಕೇಳಿದರು: “ಇಷ್ಟು ದೊಡ್ಡದು ನಮ್ಮನೆ ಮೇಲೇ ಇತ್ತೇನಪ್ಪಾ? ಇದು ಅದರ ನಿಜವಾದ ಬಣ್ಣಾನಾ?”

ಎರಡೂ ಒಳ್ಳೆಯ ಪ್ರಶ್ನೆಗಳು. ಎರಡಕ್ಕೂ ಉತ್ತರ ಹೇಳಬೇಕಾದರೆ ಬೆಳಕನ್ನು ಎಣಿಸುವುದು ಹೇಗೆ ಎನ್ನುವಲ್ಲಿಂದ ಹೊರಡಬೇಕು.

ಮೊದಲು ಒಂದು ತಪ್ಪು ಕಲ್ಪನೆ ಕಳೆದುಬಿಡೋಣ. ನೀಹಾರಿಕೆಯ ಫೋಟೋ ತೆಗೆಯಲು ಭಾರಿ ದೂರದರ್ಶಕ ಬೇಕು, ಬಹಳ ದೊಡ್ಡದು ಮಾಡಿ ನೋಡಬೇಕು ಎಂದು ಹೆಚ್ಚಿನವರು ತಿಳಿದಿದ್ದಾರೆ. ಗ್ರಹಗಳ ಮಟ್ಟಿಗೆ ಅದು ನಿಜ. ಗುರುವಾಗಲಿ ಶನಿಯಾಗಲಿ ಆಕಾಶದಲ್ಲಿ ತೀರ ಸಣ್ಣ ಬಿಲ್ಲೆಗಳು. ನೀಹಾರಿಕೆಗಳು ಹಾಗಲ್ಲ, ಹಲವು ಚಂದ್ರನಿಗಿಂತ ದೊಡ್ಡವು. ಅವುಗಳ ಕೊರತೆ ಗಾತ್ರದ್ದಲ್ಲ, ಮಂಕುತನದ್ದು. ಹಾಗಾಗಿ 200ರಿಂದ 400 ಮಿಲಿಮೀಟರಿನ ಒಂದು ಲೆನ್ಸ್, ಇಲ್ಲವೇ ಮೊಣಕೈ ಉದ್ದದ ಪುಟ್ಟ ದೂರದರ್ಶಕ ಧಾರಾಳವಾಗಿ ಸಾಕು.

ಎರಡನೆಯ ತಪ್ಪು ಕಲ್ಪನೆ ಇನ್ನೂ ಆಳದ್ದು. ನಗರದ ಬೆಳಕು ನೀಹಾರಿಕೆಯನ್ನು ಅಳಿಸಿಹಾಕಿದೆ ಎನ್ನುತ್ತೇವೆ. ಅಳಿಸಿಲ್ಲ. ಹೊರಟು ಐದು ಸಾವಿರ ವರ್ಷವಾದ ಆ ಬೆಳಕು ಹಳ್ಳಿಯ ಕಣದ ಮೇಲೆ ಎಷ್ಟು ಬೀಳುತ್ತದೋ ಮೆಜೆಸ್ಟಿಕ್ ಬಸ್ ನಿಲ್ದಾಣದ ಮೇಲೂ ಹೆಚ್ಚುಕಡಿಮೆ ಅಷ್ಟೇ ಬೀಳುತ್ತಿದೆ. ಹೊಗೆ, ದೂಳು ಒಂದಿಷ್ಟು ತಡೆಯುತ್ತವೆ, ಅಷ್ಟೆ. ನಗರ ಮಾಡಿದ್ದು ಅದರ ಮೇಲೆ ತನ್ನ ಬೆಳಕನ್ನು ಸುರಿದದ್ದು. ನೀಹಾರಿಕೆ ಹೂತುಹೋಗಿದೆ. ಹೂತದ್ದನ್ನು ಅಗೆದು ತೆಗೆಯಬಹುದು.

ಮಳೆಹನಿಯ ಲೆಕ್ಕ

ಹಾಗಾದರೆ ಒಂದು ಉಪಾಯ ಹೊಳೆಯಬೇಕು. ಆಕಾಶದ ಬೆಳಕು ಎಲ್ಲ ಕಡೆ ಒಂದೇ ಸಮ ಹರಡಿದೆ. ಅದೆಷ್ಟೆಂದು ಅಳೆದು ಫೋಟೋದಿಂದ ಕಳೆದುಬಿಟ್ಟರೆ ಉಳಿಯುವುದು ನೀಹಾರಿಕೆ ತಾನೇ? ಹೌದು, ಕಳೆಯಬಹುದು, ಕಳೆಯುತ್ತೇವೆ ಕೂಡ. ಆದರೂ ಕೆಲಸ ಮುಗಿಯುವುದಿಲ್ಲ. ಈ ‘ಆದರೂ’ ಅರ್ಥವಾದರೆ ಈ ವಿದ್ಯೆಯ ಮುಕ್ಕಾಲು ಭಾಗ ಅರ್ಥವಾದ ಹಾಗೆ.

ಜಡಿಮಳೆ ಸಮನಾಗಿ ಸುರಿಯುತ್ತಿರುವಾಗ ಅಂಗಳದಲ್ಲಿ ಒಂದೇ ಅಳತೆಯ ಹತ್ತು ಬಟ್ಟಲು ಇಡಿ. ಒಂದು ಕ್ಷಣದ ನಂತರ ಎಣಿಸಿದರೆ ಎಲ್ಲದರಲ್ಲೂ ಸರಿಯಾಗಿ 100 ಹನಿ ಇರುವುದಿಲ್ಲ. ಒಂದರಲ್ಲಿ 93, ಇನ್ನೊಂದರಲ್ಲಿ 108, ಮತ್ತೊಂದರಲ್ಲಿ 99. ಮಳೆ ಸಮವೇ, ಹನಿಗಳು ಮಾತ್ರ ತಮ್ಮಷ್ಟಕ್ಕೆ ತಾವು ಬೀಳುತ್ತವೆ. ಈ ಏರುಪೇರಿಗೂ ಒಂದು ನಿಯಮವಿದೆ: ಸರಾಸರಿ ಎಷ್ಟೋ ಅದರ ವರ್ಗಮೂಲದಷ್ಟು ಆಚೀಚೆ. ಸರಾಸರಿ 100 ಇದ್ದರೆ ಏರುಪೇರು ಸುಮಾರು 10, ಸರಾಸರಿ 10,000 ಇದ್ದರೆ ಏರುಪೇರು 100.

ಬೆಳಕೂ ಹೀಗೆಯೇ ಹನಿ ಹನಿಯಾಗಿ ಬರುತ್ತದೆ. ಆ ಹನಿಯ ಹೆಸರು ಫೋಟಾನ್. ಕ್ಯಾಮೆರಾದ ಸೆನ್ಸರ್ ಎಂದರೆ ಒತ್ತೊತ್ತಾಗಿ ಜೋಡಿಸಿದ ಕೋಟ್ಯಂತರ ಬಟ್ಟಲು, ಒಂದೊಂದು ಬಟ್ಟಲೂ ಒಂದು ಪಿಕ್ಸೆಲ್. ಆಕಾಶದ ಬೆಳಕಿನ ಸರಾಸರಿಯನ್ನು ಕಳೆಯಬಹುದು, ಏರುಪೇರನ್ನು ಕಳೆಯಲಾಗದು. ಯಾವ ಬಟ್ಟಲಿಗೆ ಎಷ್ಟು ಹೆಚ್ಚು ಬಿತ್ತು, ಎಷ್ಟು ಕಡಿಮೆ ಬಿತ್ತು ಎಂದು ಯಾರೂ ಹೇಳಲಾರರು. ಫೋಟೋದಲ್ಲಿ ರವೆ ಚೆಲ್ಲಿದಂತೆ ಕಾಣುವ ಕಾಳುಕಾಳು ಗದ್ದಲ ಇದೇ.

ಲೆಕ್ಕಕ್ಕೆಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಒಂದು ಪಿಕ್ಸೆಲ್‌ಗೆ ಒಂದು ನಿಮಿಷದಲ್ಲಿ ನಗರದ ಆಕಾಶದಿಂದ 400 ಫೋಟಾನ್, ನೀಹಾರಿಕೆಯಿಂದ 10. ಒಟ್ಟು 410, ಅದರ ಏರುಪೇರು ಸುಮಾರು 20. ನಮಗೆ ಬೇಕಾದ ಹತ್ತು ಆ ಇಪ್ಪತ್ತರ ಗದ್ದಲದಲ್ಲಿ ಮುಳುಗಿತು. ಒಂದು ನಿಮಿಷದ ಫೋಟೋದಲ್ಲಿ ಏನೂ ಕಾಣುವುದಿಲ್ಲ. ಅದೇ ನೂರು ನಿಮಿಷ ಕೂಡಿಸಿದರೆ? ನೀಹಾರಿಕೆ ನೂರು ಪಟ್ಟಾಗಿ 1000 ಆಯಿತು. ಒಟ್ಟು ಬೆಳಕೂ ನೂರು ಪಟ್ಟಾಗಿ 41,000 ಆಯಿತು, ಆದರೆ ಏರುಪೇರು ಹತ್ತೇ ಪಟ್ಟು ಬೆಳೆದು 200ರ ಹತ್ತಿರ ನಿಂತಿತು. ಮುಳುಗಿದ್ದ ವಸ್ತು ಗದ್ದಲದ ಐದು ಪಟ್ಟು ಎತ್ತರಕ್ಕೆ ಎದ್ದು ನಿಂತಿದೆ! ವಸ್ತು ಕಾಲದೊಂದಿಗೆ ಬೆಳೆಯುತ್ತದೆ, ಗದ್ದಲ ಕಾಲದ ವರ್ಗಮೂಲದೊಂದಿಗೆ ಮಾತ್ರ ಬೆಳೆಯುತ್ತದೆ. ನಾವು ಬದುಕಿರುವುದೇ ಈ ವ್ಯತ್ಯಾಸದ ಮೇಲೆ.

ಚಿತ್ರ ಚೊಕ್ಕಟವಾಗಿ ಕಾಣಬೇಕಾದರೆ ವಸ್ತು ಗದ್ದಲದ ಹತ್ತು ಪಟ್ಟಾದರೂ ಇರಲಿ ಎಂದುಕೊಳ್ಳೋಣ. ನಮ್ಮ ಉದಾಹರಣೆಯಲ್ಲಿ ಅದಕ್ಕೆ 410 ನಿಮಿಷ, ಅಂದರೆ ಏಳು ಗಂಟೆಗೆ ಹತ್ತು ನಿಮಿಷ ಕಡಿಮೆ. ನಗರದ ನಡುವಿನ ಆಕಾಶ ಅತಿ ಕತ್ತಲಿನ ಆಕಾಶಕ್ಕಿಂತ ಸುಮಾರು ನಲವತ್ತು ಪಟ್ಟು ಬೆಳಗಿರುತ್ತದೆ. ಆ ಕತ್ತಲಿಗೆ ಹೋದರೆ 400ರ ಜಾಗದಲ್ಲಿ 10 ಫೋಟಾನ್. ಅದೇ ಲೆಕ್ಕ ಮತ್ತೆ ಹಾಕಿ: 20 ನಿಮಿಷ ಸಾಕು. ಏಳು ಗಂಟೆಯ ಕೆಲಸ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ನಗರ ನಮ್ಮಿಂದ ಕಸಿದುಕೊಂಡದ್ದು ಏನು ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಸಂಖ್ಯೆಗಳನ್ನೇ ಹೇಳುತ್ತೇನೆ.

ಲಂಡನ್ನಿನ ಒಂದು ಮನೆ, 1864

ಈಗ ಆ ನಾನೂರನ್ನು ನಗರದಲ್ಲೇ ಕಡಿಮೆ ಮಾಡುವ ದಾರಿ. ಇದನ್ನು ನಮಗೆ ತೋರಿಸಿಕೊಟ್ಟವರೂ ನಗರದ ಮನೆಯಿಂದಲೇ ಆಕಾಶ ನೋಡುತ್ತಿದ್ದವರು. ವಿಲಿಯಂ ಹಗ್ಗಿನ್ಸ್ ವೃತ್ತಿಯಿಂದ ವಿಜ್ಞಾನಿಯಲ್ಲ. ಬಟ್ಟೆ ವ್ಯಾಪಾರದ ಕುಟುಂಬದವರು, ವ್ಯಾಪಾರ ಬಿಟ್ಟು ಲಂಡನ್ನಿನ ಟಲ್ಸ್ ಹಿಲ್‌ನಲ್ಲಿ ತಮ್ಮ ಮನೆಗೆ ಸೇರಿದಂತೆ ವೀಕ್ಷಣಾಲಯ ಕಟ್ಟಿಕೊಂಡಿದ್ದರು. 1864ರ ಆಗಸ್ಟ್ 29ರ ರಾತ್ರಿ ಅವರು ಡ್ರೇಕೋ ನಕ್ಷತ್ರಪುಂಜದಲ್ಲಿರುವ ಒಂದು ಸಣ್ಣ ನೀಹಾರಿಕೆಯ ಕಡೆಗೆ ದೂರದರ್ಶಕ ತಿರುಗಿಸಿ ಅದರ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರು. ಈಗ ಆ ನೀಹಾರಿಕೆಯನ್ನು ಬೆಕ್ಕಿನ ಕಣ್ಣು ಎಂದು ಕರೆಯುತ್ತಾರೆ.

ಸೂರ್ಯನ ಬೆಳಕನ್ನೋ ನಕ್ಷತ್ರದ ಬೆಳಕನ್ನೋ ಪಟ್ಟಕದಲ್ಲಿ ಹಾಯಿಸಿದರೆ ಕಾಮನಬಿಲ್ಲಿನ ಪಟ್ಟಿ ಬಿಡಿಸಿಕೊಳ್ಳುತ್ತದೆ. ಅಲ್ಲಿ ಹಾಗಾಗಲಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಹಸಿರು ಬಣ್ಣದ ಒಂದು ಗೆರೆ, ಪಕ್ಕದಲ್ಲಿ ಇನ್ನೆರಡು ಮಂಕು ಗೆರೆ, ಅಷ್ಟೆ. ನೀಹಾರಿಕೆಗಳೆಲ್ಲ ದೂರದ ನಕ್ಷತ್ರಗಳ ಗುಂಪೇ ಇರಬೇಕು ಎಂದು ಹಲವರು ನಂಬಿದ್ದ ಕಾಲ ಅದು. ಹೀಗೆ ಗೆರೆಗಳಲ್ಲಿ ಮಾತ್ರ ಬೆಳಗುವುದು ತೆಳುವಾದ ಬಿಸಿ ಅನಿಲ ಎಂದು ಹಗ್ಗಿನ್ಸ್‌ಗೆ ಆ ರಾತ್ರಿಯೇ ಗೊತ್ತಾಯಿತು.

ಆ ಹಸಿರು ಗೆರೆ ಭೂಮಿಯ ಯಾವ ಮೂಲವಸ್ತುವಿಗೂ ಹೊಂದಲಿಲ್ಲ. ಹೊಸದೇ ವಸ್ತು ಇರಬೇಕೆಂದು ಅದಕ್ಕೆ ನೆಬ್ಯುಲಿಯಮ್ ಎಂದು ಹೆಸರೂ ಬಂತು. ಗುಟ್ಟು ಬಿಡಿಸಲು 1927ರವರೆಗೆ ಕಾಯಬೇಕಾಯಿತು. ಅದು ನಾವು ಉಸಿರಾಡುವ ಆಮ್ಲಜನಕವೇ, ಎರಡು ಎಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿಯಲ್ಲಿ ಇರುವಂಥದ್ದು ಎಂದು ಅಮೆರಿಕದ ಐರಾ ಬೋವೆನ್ ತೋರಿಸಿದರು. ಆ ಪರಮಾಣು ಈ ಹಸಿರು ಬೆಳಕನ್ನು ಬಿಡಬೇಕಾದರೆ ಯಾರೂ ಢಿಕ್ಕಿ ಹೊಡೆಯದೆ ಬಹಳ ಹೊತ್ತು ಒಂಟಿಯಾಗಿ ಇರಬೇಕು. ನಮ್ಮ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳು ಕಿಕ್ಕಿರಿದಿವೆ. ನೀಹಾರಿಕೆಯಲ್ಲಿ ಅದೇ ಜಾಗದಲ್ಲಿರುವುದು ಹತ್ತು, ನೂರು, ಸಾವಿರದ ಲೆಕ್ಕದ ಕಣಗಳು. ಆ ಏಕಾಂತ ಭೂಮಿಯ ಪ್ರಯೋಗಾಲಯದಲ್ಲಿ ಸಿಗದೆ ಗೆರೆ ಅಪರಿಚಿತವಾಗಿ ಉಳಿದಿತ್ತು.

ರೋಸೆಟ್‌ನ ಕೆಂಪಿನ ಕತೆ ಇದಕ್ಕಿಂತ ಸರಳ. ನಡುವಿನ ಎಳೆಯ ನಕ್ಷತ್ರಗಳು ಅತಿ ಬಿಸಿ, ಅವುಗಳ ಅತಿನೇರಳೆ ಕಿರಣಗಳು ಸುತ್ತಲಿನ ಜಲಜನಕದಿಂದ ಎಲೆಕ್ಟ್ರಾನನ್ನು ಕಿತ್ತೊಗೆಯುತ್ತವೆ. ಕಿತ್ತುಹೋದ ಎಲೆಕ್ಟ್ರಾನ್ ಎಂದಾದರೂ ಮತ್ತೊಂದು ಜಲಜನಕಕ್ಕೆ ಸಿಕ್ಕಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಮೂರನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ ಇಳಿದಾಗಲೆಲ್ಲ 656.3 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕಿನ ಒಂದು ಹನಿ ಹೊರಬೀಳುತ್ತದೆ. 656 ಅಲ್ಲದಿದ್ದರೆ 640 ಆದೀತು ಎನ್ನುವಂತಿಲ್ಲ, ಮೆಟ್ಟಿಲುಗಳ ಎತ್ತರ ಪ್ರಕೃತಿ ಕಟ್ಟಿಟ್ಟದ್ದು. ಇದಕ್ಕೆ ಹೈಡ್ರೋಜನ್ ಆಲ್ಫಾ ಎಂದು ಹೆಸರು. ಆಮ್ಲಜನಕದ ಮುಖ್ಯ ಗೆರೆ 500.7ರಲ್ಲಿ, ಗಂಧಕದ ಜೋಡಿ ಗೆರೆ 672ರ ಆಸುಪಾಸಿನಲ್ಲಿ. ನೀಹಾರಿಕೆಯ ಮಾತೆಲ್ಲ ಹೆಚ್ಚುಕಡಿಮೆ ಈ ಮೂರು ನಾಲ್ಕು ಸ್ವರಗಳಲ್ಲೇ ಮುಗಿಯುತ್ತದೆ.

ಬೀದಿದೀಪ ಹಾಗಲ್ಲ. ಬಿಳಿ ಎಲ್‌ಇಡಿಯ ಬೆಳಕು 450 ನ್ಯಾನೋಮೀಟರಿನ ನೀಲಿಯಲ್ಲಿ ಒಂದು ಗುಡ್ಡ ಎಬ್ಬಿಸಿ, ಹಸಿರು, ಹಳದಿ, ಕೆಂಪಿನ ಉದ್ದಕ್ಕೂ ಹಾಸಿಗೆಯಂತೆ ಹರಡಿಕೊಳ್ಳುತ್ತದೆ. ನೀಹಾರಿಕೆಯ ಗೆರೆಗಳನ್ನು ಮಾತ್ರ ಒಳಗೆ ಬಿಟ್ಟು ಉಳಿದದ್ದನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿದರೆ? ಆ ಬಾಗಿಲು ಕಾಯುವ ಗಾಜೇ ನ್ಯಾರೋಬ್ಯಾಂಡ್ ಫಿಲ್ಟರ್. ಗಾಜಿನ ಮೇಲೆ ಅತಿ ತೆಳುವಾದ ಹತ್ತಾರು ಪದರ ಬಳಿದು, ಒಂದೇ ತರಂಗಾಂತರದ ಸುತ್ತ ಮೂರೋ ಏಳೋ ನ್ಯಾನೋಮೀಟರಿನ ಕಿಂಡಿ ಮಾತ್ರ ತೆರೆದಿಟ್ಟಿರುತ್ತಾರೆ.

ನಮ್ಮ ಲೆಕ್ಕಕ್ಕೆ ಮರಳೋಣ. ಸೆನ್ಸರಿನ ಕೆಂಪು ಪಿಕ್ಸೆಲ್ ಸುಮಾರು 100 ನ್ಯಾನೋಮೀಟರ್ ಅಗಲದ ಬೆಳಕನ್ನು ಒಳಗೆ ಬಿಡುತ್ತದೆ ಎಂದುಕೊಳ್ಳಿ. 7 ನ್ಯಾನೋಮೀಟರಿನ ಫಿಲ್ಟರ್ ಹಾಕಿದರೆ ಆಕಾಶದ ಬೆಳಕು ಹದಿನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 400 ಇದ್ದದ್ದು 28. ನೀಹಾರಿಕೆಯ 10 ಮಾತ್ರ ಕಿಂಡಿಯ ನಡುವಿನಿಂದ ಬಹುತೇಕ ಹಾಗೆಯೇ ದಾಟಿ ಬರುತ್ತದೆ. ಚೊಕ್ಕಟ ಚಿತ್ರಕ್ಕೆ ಬೇಕಾದದ್ದು ಈಗ 410 ನಿಮಿಷವಲ್ಲ, 38 ನಿಮಿಷ. ಮೊದಲ ಸಲ ಈ ಗುಣಾಕಾರವನ್ನು ಕಾಗದದ ಮೇಲೆ ಮಾಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬಣ್ಣದ ಕ್ಯಾಮೆರಾ ಇದ್ದವರಿಗೆ ಇನ್ನೊಂದು ಅನುಕೂಲ. ಒಂದೇ ಗಾಜಿನಲ್ಲಿ ಜಲಜನಕಕ್ಕೊಂದು, ಆಮ್ಲಜನಕಕ್ಕೊಂದು ಕಿಂಡಿ ಇರುವ ಡ್ಯುಯಲ್‌ಬ್ಯಾಂಡ್ ಫಿಲ್ಟರುಗಳು ಸಿಗುತ್ತವೆ. ಜಲಜನಕ ಕೆಂಪು ಪಿಕ್ಸೆಲ್‌ಗಳ ಮೇಲೆ ಬೀಳುತ್ತದೆ, ಆಮ್ಲಜನಕ ಹಸಿರು ಮತ್ತು ನೀಲಿಯ ಮೇಲೆ. ಒಂದೇ ಎಕ್ಸ್‌ಪೋಶರಿನಲ್ಲಿ ಎರಡು ಚಿತ್ರ. ಬೀದಿಯಲ್ಲಿ ಸೋಡಿಯಂ ದೀಪಗಳಿದ್ದ ಕಾಲದ ‘ಲೈಟ್ ಪೊಲ್ಯೂಶನ್’ ಫಿಲ್ಟರುಗಳನ್ನು ಮಾತ್ರ ಈಗ ಕೊಳ್ಳಬೇಡಿ. ಅವು ಸೋಡಿಯಂನ ಹಳದಿ, ಪಾದರಸದ ಹಸಿರು ಇಂಥವನ್ನು ಕತ್ತರಿಸಲು ಮಾಡಿದವು. ಎಲ್‌ಇಡಿ ಎಲ್ಲ ಕಡೆಯಿಂದಲೂ ನುಗ್ಗುತ್ತದೆ.

ಇನ್ನೊಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಡಿಎಸ್‌ಎಲ್‌ಆರ್ ಕ್ಯಾಮೆರಾದ ಸೆನ್ಸರ್ ಮುಂದೆ ಮನುಷ್ಯರ ಮೈಬಣ್ಣ ಸರಿಯಾಗಿ ಬರಲೆಂದು ಒಂದು ಗಾಜು ಕೂರಿಸಿರುತ್ತಾರೆ. ಅದು 656ರ ಕೆಂಪಿನ ಹೆಚ್ಚಿನ ಪಾಲನ್ನು ನುಂಗಿಬಿಡುತ್ತದೆ. ಆ ಗಾಜನ್ನು ತೆಗೆಸಿ ಬದಲಾಯಿಸಿದ ಕ್ಯಾಮೆರಾ, ಇಲ್ಲವೇ ಖಗೋಳಕ್ಕೆಂದೇ ಮಾಡಿದ ಕ್ಯಾಮೆರಾ ಇದ್ದರೆ ರೋಸೆಟ್ ಬೇಗ ಕೈಗೆ ಸಿಗುತ್ತದೆ.

ಫಿಲ್ಟರಿಗೆ ನಿಲುಕದ್ದು

ಇಷ್ಟು ಓದಿ, ಫಿಲ್ಟರ್ ಒಂದಿದ್ದರೆ ನಗರದ ಬೆಳಕು ಸಮಸ್ಯೆಯೇ ಅಲ್ಲ ಎಂದುಕೊಂಡರೆ ಅದು ನನ್ನ ತಪ್ಪಾಗುತ್ತದೆ. ಈ ಉಪಾಯ ನಡೆಯುವುದು ಗೆರೆಗಳಲ್ಲಿ ಬೆಳಗುವ ಅನಿಲಕ್ಕೆ ಮಾತ್ರ. ಕೃತ್ತಿಕೆಯ ಸುತ್ತ ಇರುವ ನೀಲಿ ಮಂಜು ತಾನಾಗಿ ಬೆಳಗುವುದಲ್ಲ, ದೂಳಿನ ಮೇಲೆ ಬಿದ್ದು ಚೆದುರಿದ ನಕ್ಷತ್ರದ ಬೆಳಕು. ಅದು ಕಾಮನಬಿಲ್ಲಿನ ಉದ್ದಕ್ಕೂ ಹರಡಿದೆ. ಆಂಡ್ರೋಮಿಡಾದಂಥ ಗೆಲಾಕ್ಸಿಗಳೂ ಕೋಟ್ಯಂತರ ನಕ್ಷತ್ರಗಳ ಬೆಳಕಿನ ಮೊತ್ತ. ಅವುಗಳ ಮುಂದೆ ಫಿಲ್ಟರ್ ಇಟ್ಟರೆ ಬೀದಿದೀಪದೊಂದಿಗೆ ಅವೂ ಅಷ್ಟೇ ಪಾಲು ಕತ್ತರಿಸಿಹೋಗುತ್ತವೆ. ಅವಕ್ಕೆ ಕತ್ತಲೇ ಬೇಕು, ಬೇರೆ ಮದ್ದಿಲ್ಲ.

ವೃತ್ತಿಪರರೂ ಅದಕ್ಕೇ ದೂರ ಹೋದರು. ಭಾರತೀಯ ಖಭೌತ ಸಂಸ್ಥೆಯ ಕಚೇರಿ ಕೋರಮಂಗಲದಲ್ಲಿದೆ, ಅದರ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಇರುವುದು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಹಾನ್ಲೆಯ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶ ಎಂದು ಘೋಷಿಸಲಾಯಿತು. ಹುಲಿಗೆ ಕಾಡು ಮೀಸಲಿಟ್ಟಂತೆ ಇರುಳಿಗೂ ಒಂದು ಜಾಗ ಮೀಸಲಿಡಬೇಕಾಗಿ ಬಂದಿದೆ. ಬೀದಿದೀಪಕ್ಕೆ ಮೇಲೊಂದು ಮುಚ್ಚಳ ಹಾಕಿ ಬೆಳಕನ್ನು ರಸ್ತೆಗೆ ಮಾತ್ರ ಬೀಳುವಂತೆ ಮಾಡಿದರೆ ರಸ್ತೆಯೂ ಚೆನ್ನಾಗಿ ಕಾಣುತ್ತದೆ, ಆಕಾಶವೂ ಉಳಿಯುತ್ತದೆ. ಫಿಲ್ಟರ್ ನನ್ನ ಕ್ಯಾಮೆರಾವನ್ನು ಕಾಪಾಡುತ್ತದೆ, ರಸ್ತೆಯಲ್ಲಿ ಆಡುವ ಮಗುವಿನ ಕಣ್ಣಿಗೆ ಅದು ಏನನ್ನೂ ತಂದುಕೊಡುವುದಿಲ್ಲ.

ತಾರಸಿಯ ಮೇಲೆ

ಅಮೆರಿಕದ ಹೆನ್ರಿ ಡ್ರೇಪರ್ 1880ರ ಸೆಪ್ಟೆಂಬರ್ 30ರಂದು ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನೀಹಾರಿಕೆಯ ಮೊದಲ ಫೋಟೋ ತೆಗೆದಾಗ ಸುಮಾರು 50 ನಿಮಿಷ ದೂರದರ್ಶಕವನ್ನು ಆಕಾಶದ ಜೊತೆ ಜೊತೆಗೇ ತಿರುಗಿಸಬೇಕಾಯಿತು. ಇಂದಿಗೂ ಕಷ್ಟದ ಕೆಲಸ ಅದೇ. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಜರುಗುತ್ತದೆ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು). 250 ಮಿಲಿಮೀಟರ್ ಲೆನ್ಸ್ ಹಾಕಿದ ಇಂದಿನ ಕ್ಯಾಮೆರಾದಲ್ಲಿ ಅದು ಸೆಕೆಂಡಿಗೆ ಸುಮಾರು ಐದು ಪಿಕ್ಸೆಲ್. ನಿಂತ ಟ್ರೈಪಾಡಿನ ಮೇಲೆ ನಕ್ಷತ್ರಗಳು ನೋಡನೋಡುತ್ತಲೇ ಗೀಟುಗಳಾಗುತ್ತವೆ. ಅದಕ್ಕೇ ಭೂಮಿಯ ಅಕ್ಷಕ್ಕೆ ಸಮಾಂತರವಾದ ಅಕ್ಷದ ಮೇಲೆ, ಭೂಮಿಯ ವೇಗದಲ್ಲೇ, ಎದುರು ದಿಕ್ಕಿಗೆ ತಿರುಗುವ ಮೌಂಟ್, ಅಂದರೆ ಕ್ಯಾಮೆರಾ ಹೊರುವ ಪೀಠ, ಬೇಕು. ನನ್ನನ್ನು ಕೇಳಿದರೆ ಹಣ ಸುರಿಯಬೇಕಾದದ್ದು ಮೊದಲು ಮೌಂಟಿಗೆ, ಲೆನ್ಸಿಗೂ ಕ್ಯಾಮೆರಾಕ್ಕೂ ಆಮೇಲೆ.

ಆ ಅಕ್ಷವನ್ನು ಧ್ರುವದ ಕಡೆಗೆ ಹೊಂದಿಸಬೇಕು. ಯುರೋಪಿನವರು ಬರೆದ ಕೈಪಿಡಿಗಳಲ್ಲಿ ಇದು ಎರಡು ಸಾಲಿನ ಮಾತು: ಧ್ರುವ ನಕ್ಷತ್ರ ನೋಡಿ, ಹೊಂದಿಸಿ. ಅವರಿಗೆ ಅದು ಐವತ್ತು ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ಬರೀ 13 ಡಿಗ್ರಿ ಎತ್ತರದಲ್ಲಿದೆ, ಅಂದರೆ ಉತ್ತರ ದಿಕ್ಕಿನ ಮನೆಯ ನೀರಿನ ಟ್ಯಾಂಕಿನ ಹಿಂದೆ, ತೆಂಗಿನಮರದ ಹಿಂದೆ, ದಿಗಂತದ ಮಬ್ಬಿನ ಒಳಗೆ. ಮೌಂಟನ್ನು ಅಷ್ಟು ಕೆಳಕ್ಕೆ ವಾಲಿಸಿದಾಗ ತೂಕದ ಕಂಬಿ ಟ್ರೈಪಾಡಿನ ಕಾಲಿಗೆ ತಾಗುವುದೂ ಉಂಟು. ನಮಗೆ ಒದಗಿರುವ ಪರಿಹಾರ ತಂತ್ರಾಂಶದ್ದು. ಆಕಾಶದ ಯಾವುದೇ ತೆರೆದ ಭಾಗದಲ್ಲಿ ಮೂರು ಫೋಟೋ ತೆಗೆದು, ನಕ್ಷತ್ರಗಳ ವಿನ್ಯಾಸ ಗುರುತಿಸಿ, ಅಕ್ಷ ಎಷ್ಟು ತಪ್ಪಿದೆ ಎಂದು ಹೇಳುವ ಸೌಲಭ್ಯ ನೀನಾ ಎಂಬ ಉಚಿತ ತಂತ್ರಾಂಶದಲ್ಲಿದೆ. ಧ್ರುವ ಕಾಣದ ತಾರಸಿಯಿಂದ ನಾನು ಈ ಕೆಲಸ ಮುಂದುವರಿಸಿಕೊಂಡು ಬಂದಿದ್ದರೆ ಅದರಿಂದಲೇ.

ಈಚೆಗೆ ಇದೆಲ್ಲವನ್ನೂ ಒಂದು ಡಬ್ಬಿಯೊಳಗೆ ಇಟ್ಟುಕೊಂಡ ಪುಟ್ಟ ಸ್ಮಾರ್ಟ್ ಟೆಲಿಸ್ಕೋಪುಗಳು ಬಂದಿವೆ. ಸೀಸ್ಟಾರ್ ಎಸ್50 ಅಂಥದ್ದೊಂದು: 50 ಮಿಲಿಮೀಟರ್ ಲೆನ್ಸ್, ಒಳಗೇ ಡ್ಯುಯಲ್‌ಬ್ಯಾಂಡ್ ಫಿಲ್ಟರ್, ಮೊಬೈಲಿನಿಂದ ನಡೆಸಬಹುದು. ಶುರು ಮಾಡುವವರಿಗೆ ನಿಜಕ್ಕೂ ಒಳ್ಳೆಯ ದಾರಿ. ನಮ್ಮ ಊರಿನ ಮಟ್ಟಿಗೆ ಒಂದು ಮಾತು ನೆನಪಿರಲಿ. ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಎಂದು ತಿರುಗುವ ಇಂಥ ಉಪಕರಣಗಳು ನೆತ್ತಿಯ ಮೇಲಿನ ವಸ್ತುವನ್ನು ಹಿಂಬಾಲಿಸಲು ತಡಕಾಡುತ್ತವೆ. ರೋಸೆಟ್ ನಮಗೆ ನೆತ್ತಿಯನ್ನು ಸವರಿಕೊಂಡೇ ಹೋಗುವುದರಿಂದ ಅದು ಏರುವಾಗಲೋ ಇಳಿಯುವಾಗಲೋ ಹಿಡಿಯಬೇಕು. ಅಕ್ಷ ಹೊಂದಿಸಿದ ಮೌಂಟಿಗೆ ಈ ತೊಂದರೆಯಿಲ್ಲ. ಅದಕ್ಕೆ ನೆತ್ತಿಯೇ ಅತ್ಯುತ್ತಮ ಜಾಗ, ನಗರದ ಮಬ್ಬು ಅತ್ಯಂತ ತೆಳುವಾಗಿರುವುದು ಅಲ್ಲೇ.

ಒಂದೇ ಉದ್ದನೆಯ ಫೋಟೋ ತೆಗೆಯುವುದಿಲ್ಲ, ಫಿಲ್ಟರ್ ಹಾಕಿ ಮೂರು ಮೂರು ನಿಮಿಷದ ಹಲವು ಫೋಟೋ ತೆಗೆಯುತ್ತೇವೆ. ಬಟ್ಟಲು ತುಂಬಿ ಚೆಲ್ಲಬಾರದು ಎನ್ನುವುದು ಒಂದು ಕಾರಣ. ಇನ್ನೊಂದು, ದೇವನಹಳ್ಳಿಗೆ ಇಳಿಯುವ ವಿಮಾನವೋ ಉಪಗ್ರಹವೋ ಗೀಟೆಳೆದರೆ ಹಾಳಾಗುವುದು ಒಂದು ಫೋಟೋ ಮಾತ್ರ. ಆಮೇಲೆ ಎಲ್ಲವನ್ನೂ ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆಯುವಾಗ ತಂತ್ರಾಂಶ ಪಿಕ್ಸೆಲ್ ಪಿಕ್ಸೆಲ್ ಹೋಲಿಸುತ್ತದೆ. ಅರವತ್ತು ಫೋಟೋಗಳಲ್ಲಿ ಐವತ್ತೊಂಬತ್ತು ಒಂದು ಮಾತು ಹೇಳಿ ಒಂದು ಮಾತ್ರ ಬೇರೆ ಹೇಳಿದರೆ ಆ ಒಂದನ್ನು ಬಿಟ್ಟುಬಿಡುತ್ತದೆ, ವಿಮಾನದ ಗೀಟು ಹೇಳಹೆಸರಿಲ್ಲದಂತೆ ಮಾಯವಾಗುತ್ತದೆ. ಇಂಥ ತಂತ್ರಾಂಶಗಳಲ್ಲಿ ಸಿರಿಲ್, ಡೀಪ್ ಸ್ಕೈ ಸ್ಟ್ಯಾಕರ್ ಎರಡೂ ಉಚಿತ.

ಜೊತೆಗೆ ಲೆನ್ಸಿಗೆ ಮುಚ್ಚಳ ಹಾಕಿ ಅಷ್ಟೇ ಹೊತ್ತಿನ ಕೆಲವು ಕಪ್ಪು ಫೋಟೋ ಬೇಕು, ಸೆನ್ಸರ್ ತಾನೇ ಹುಟ್ಟಿಸುವ ಚುಕ್ಕಿಗಳನ್ನು ಕಳೆಯಲು. ಸಮನಾದ ಬೆಳಕಿನ ಕೆಲವು ಬಿಳಿ ಫೋಟೋಗಳೂ ಬೇಕು, ಲೆನ್ಸಿನ ಮೂಲೆಯ ಮಂಕನ್ನೂ ದೂಳಿನ ನೆರಳನ್ನೂ ಸರಿಪಡಿಸಲು. ಬೆಳಗಾಗುತ್ತಿದ್ದಂತೆ ಲೆನ್ಸಿನ ಬಾಯಿಗೆ ಬಿಳಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿ ಆಕಾಶಕ್ಕೆ ಹಿಡಿಯುತ್ತೇನೆ. ನಗರದಲ್ಲಿ ಈ ಬಿಳಿ ಫೋಟೋ ಬಿಡಲೇಬಾರದು. ಒಂದು ಕಡೆಯ ಬೀದಿದೀಪದಿಂದ ಚಿತ್ರ ಓರೆಯಾಗಿ ಬೆಳಗಿರುತ್ತದೆ, ಆ ಓರೆಯನ್ನು ತೆಗೆಯುವ ಮುಂಚೆ ಲೆನ್ಸಿನ ದೋಷ ತೆಗೆದಿರಬೇಕು, ಇಲ್ಲದಿದ್ದರೆ ನೀಹಾರಿಕೆಯ ದಳ ಯಾವುದು, ಕಲೆ ಯಾವುದು ಎಂದೇ ಗೊತ್ತಾಗುವುದಿಲ್ಲ. ಜನವರಿಯ ಇಬ್ಬನಿ ನಡುರಾತ್ರಿ ಲೆನ್ಸಿನ ಮೇಲೆ ಕೂರುತ್ತದೆ, ಸುತ್ತ ಒಂದು ಬೆಚ್ಚನೆಯ ಪಟ್ಟಿ ಕಟ್ಟಿ.

ಎಲ್ಲ ಕೂಡಿಸಿದ ಮೇಲೂ ಪರದೆಯ ಮೇಲೆ ಬರುವುದು ಕಪ್ಪು ಚಿತ್ರವೇ. ಗಾಬರಿಯಾಗಬೇಡಿ. ನಕ್ಷತ್ರಗಳು ಬಹಳ ಪ್ರಕಾಶ, ನೀಹಾರಿಕೆ ಬಹಳ ಮಂಕು, ಎರಡನ್ನೂ ಒಂದೇ ಅಳತೆಗೋಲಿನಲ್ಲಿ ತೋರಿಸಿದರೆ ಮಂಕಾದದ್ದು ತಳದಲ್ಲೇ ಉಳಿಯುತ್ತದೆ. ಆ ತಳವನ್ನು ಹಿಗ್ಗಿಸಬೇಕು. ಗುಂಡಿ ಎಳೆಯುತ್ತಾ ಹೋದಂತೆ ಕಪ್ಪಿನೊಳಗಿಂದ ಮೊದಲು ಒಂದು ಉಂಗುರ, ಆಮೇಲೆ ದಳಗಳು, ಆಮೇಲೆ ದಳಗಳ ನಡುವೆ ಹರಿದ ಕಪ್ಪು ದೂಳಿನ ಎಳೆಗಳು ಮೇಲೇಳುತ್ತವೆ. ಈ ಗಳಿಗೆಗಾಗಿ ನಾನು ಎಷ್ಟು ರಾತ್ರಿ ಬೇಕಾದರೂ ಕಾಯಬಲ್ಲೆ.

ಆಂಟಿಯ ಎರಡನೆಯ ಪ್ರಶ್ನೆ

ಬಣ್ಣ ನಿಜವೇ? ರೋಸೆಟ್ ಹೊರಸೂಸುವ ಬೆಳಕಿನಲ್ಲಿ ಜಲಜನಕದ ಕೆಂಪಿನದೇ ಕಾರುಬಾರು, ಅದರಲ್ಲಿ ಅನುಮಾನವಿಲ್ಲ. ಆದರೆ ಹತ್ತಿರ ಹೋಗಿ ನಿಂತರೂ ಈ ಕೆಂಪು ನಮಗೆ ಕಾಣಲಾರದು. ಕತ್ತಲಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳು 656ರ ಕೆಂಪಿಗೆ ಬಹುತೇಕ ಕುರುಡು, ಅವುಗಳಿಗೆ ಬಣ್ಣಭೇದವೂ ತಿಳಿಯದು. ಮಹಾವ್ಯಾಧದ ನೀಹಾರಿಕೆಯನ್ನು ದೂರದರ್ಶಕದಲ್ಲಿ ನೇರ ನೋಡಿದವರು ಬೂದಿಯೆಂದೋ ತುಸು ಹಸಿರೆಂದೋ ಹೇಳುವುದು ಈ ಕಾರಣಕ್ಕೆ. ಕ್ಯಾಮೆರಾ ಸುಳ್ಳು ಬಣ್ಣ ಬಳಿದಿಲ್ಲ, ಕಣ್ಣಿಗೆ ದಕ್ಕದ ನಿಜವಾದ ಬಣ್ಣವನ್ನು ಕೂಡಿಟ್ಟಿದೆ.

ಇನ್ನೊಂದು ಬಗೆಯ ಬಣ್ಣವೂ ಇದೆ. ಹಬಲ್ ದೂರದರ್ಶಕ 1995ರಲ್ಲಿ ಹದ್ದು ನೀಹಾರಿಕೆಯ ಕಂಬಗಳನ್ನು ತೋರಿಸಿದ ಪ್ರಸಿದ್ಧ ಚಿತ್ರದಲ್ಲಿ ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ದರು. ಗಂಧಕವೂ ಜಲಜನಕವೂ ಎರಡೂ ಕೆಂಪೇ. ಹಾಗೆಯೇ ಬಿಟ್ಟರೆ ಯಾವುದು ಎಲ್ಲಿದೆ ಎಂದು ಬೇರ್ಪಡಿಸಿ ನೋಡಲಾಗದು. ಅದೊಂದು ನಕಾಶೆ, ನದಿಗೆ ನೀಲಿ, ಕಾಡಿಗೆ ಹಸಿರು ಹಚ್ಚಿದ ಹಾಗೆ. ನಾನು ಎರಡೂ ಬಗೆಯಲ್ಲಿ ಮಾಡುತ್ತೇನೆ, ಯಾವುದು ಯಾವುದೆಂದು ಚಿತ್ರದ ಕೆಳಗೆ ತಪ್ಪದೆ ಬರೆಯುತ್ತೇನೆ. ಬರೆಯದೆ ಬಿಟ್ಟರೆ ನೋಡುವವರಿಗೆ ಮೋಸವಾಗುತ್ತದೆ.

ಮಳೆ ನಕ್ಷತ್ರಗಳ ಪಂಚಾಂಗ

ಜೂನ್ ಬಂತೆಂದರೆ ಮೃಗಶಿರಾ ಮಳೆ, ಆರಿದ್ರಾ ಮಳೆ ಎನ್ನುತ್ತೇವೆ. ಸೂರ್ಯ ಆಗ ಆ ನಕ್ಷತ್ರಗಳಲ್ಲಿರುತ್ತಾನೆ ಎಂದು ಅದರ ಅರ್ಥ. ಅಂದರೆ ಮಹಾವ್ಯಾಧ, ರೋಸೆಟ್ ಎಲ್ಲ ಆಗ ಹಗಲಿನ ಆಕಾಶದಲ್ಲಿ ಸೂರ್ಯನ ಪಕ್ಕದಲ್ಲಿವೆ. ಮೋಡ ಕವಿದರೂ ಅವುಗಳ ಮಟ್ಟಿಗೆ ನಮಗೆ ನಷ್ಟವಿಲ್ಲ. ಮಳೆಗಾಲ ನಮ್ಮಿಂದ ಕಸಿಯುವುದು ಅದಕ್ಕೆ ಎದುರಿನ ಆಕಾಶವನ್ನು. ಜೂನ್-ಜುಲೈನ ನಡುರಾತ್ರಿ ದಕ್ಷಿಣದಲ್ಲಿ ಎತ್ತರಕ್ಕೆ ಏರಿರಬೇಕಾದ ವೃಶ್ಚಿಕ, ಧನು, ಅಲ್ಲಿನ ಲಗೂನ್ ನೀಹಾರಿಕೆ, ಅದಕ್ಕೂ ಮೇಲಿನ ಹದ್ದು ನೀಹಾರಿಕೆ ಎಲ್ಲವೂ ಮೋಡದ ಹಿಂದೆ ಹೋಗುತ್ತವೆ.

ಅವುಗಳನ್ನು ಬೇಸಿಗೆಯಲ್ಲೇ, ಬೆಳಗಿನ ಜಾವ ಎದ್ದು ಹಿಡಿಯಬೇಕು. ಏಪ್ರಿಲ್ ಮಧ್ಯದಲ್ಲಿ ರಾತ್ರಿ ಒಂಬತ್ತೂವರೆಗೆ ದಕ್ಷಿಣ ದಿಗಂತದಿಂದ 17 ಡಿಗ್ರಿ ಮೇಲೆ ಕರೀನಾ ನೀಹಾರಿಕೆ ನಿಂತಿರುತ್ತದೆ, ಲಂಡನ್ನಿನ ಹಗ್ಗಿನ್ಸ್‌ಗೆ ತಮ್ಮ ಮನೆಯಿಂದ ಎಂದೂ ಕಾಣಲು ಸಾಧ್ಯವಿಲ್ಲದಿದ್ದ ನೀಹಾರಿಕೆ. ತಾರಸಿಯ ದಕ್ಷಿಣಕ್ಕೆ ಎತ್ತರದ ಕಟ್ಟಡ ಇಲ್ಲದವರು ಅಲ್ಲಿಂದ ಶುರು ಮಾಡಿ, ಎರಡು ಗಂಟೆ ಮಲಗಿ, ಮೂರಕ್ಕೆ ಎದ್ದು ಲಗೂನ್ ಕಡೆಗೆ ತಿರುಗಿಸಬಹುದು. ಚಂದ್ರನಿದ್ದರೂ ಜಲಜನಕದ ಫಿಲ್ಟರಿಗೆ ಅಷ್ಟಾಗಿ ಅಡ್ಡಿಯಿಲ್ಲ, ಆಮ್ಲಜನಕಕ್ಕೆ ಮಾತ್ರ ಅಮಾವಾಸ್ಯೆಯ ಆಸುಪಾಸು ಕಾಯ್ದಿರಿಸಿ. ಬೆಳಗಿನ ಜಾವದ ಆ ಹೊತ್ತಿಗೆ ಎದುರು ಮನೆಯ ದೀಪಗಳೂ ಆರಿರುತ್ತವೆ. ಪಕ್ಕದ ಮನೆಯ ಆಂಟಿ ಈಗ ತಮ್ಮ ತಾರಸಿಯ ಬಲ್ಬನ್ನು ಮಲಗುವ ಮುಂಚೆ ತಾವಾಗಿಯೇ ಆರಿಸುತ್ತಾರೆ, ಬೆಳಗ್ಗೆ ಹಾಲು ತರುವಾಗ “ಇವತ್ತು ಏನು ಸಿಕ್ಕಿತು?” ಎಂದು ಕೇಳುತ್ತಾರೆ.